ಡಾಕ್ಟರು ಕೈಬಿಟ್ಟಿಲ್ಲ, ಕಾಯುತ್ತಿದ್ದಾರೆ



ಈ ಸಲದ ಟಪಾಲಿನಲ್ಲಿ ಬಂದ ಒಂದು ಕಾಗದಕ್ಕೇ ಇಡೀ ಅಂಕಣವನ್ನು ಮೀಸಲಿಟ್ಟಿದ್ದೇನೆ. ತಲೆಹೊಟ್ಟು, ಸೊಂಟನೋವು, ಮಕ್ಕಳ ಜಂತುಹುಳು ಕುರಿತು ಬರೆದವರು ದಯವಿಟ್ಟು ಬೇಸರಿಸಬೇಡಿ. ನಿಮ್ಮ ಸರದಿ ಮುಂದಿನ ಸಂಚಿಕೆಗೆ. ಈ ಕಾಗದ ಬರೆದಾಕೆಯ ಮನೆಯಲ್ಲಿ ಒಂದು ತೋಟ ಮಾರಾಟಕ್ಕೆ ನಿಂತಿದೆ. ಉತ್ತರ ತಡವಾಗುವಂತಿಲ್ಲ.

ಹೆಸರು, ಊರು ಬಿಟ್ಟು ಆಕೆ ಬರೆದದ್ದನ್ನು ಕೊಡುತ್ತೇನೆ:

“ಡಾಕ್ಟರಮ್ಮನವರಿಗೆ ನಮಸ್ಕಾರಗಳು. ನನಗೀಗ 52 ವರ್ಷ. ಹೋದ ದೀಪಾವಳಿ ಹೊತ್ತಿಗೆ ಕತ್ತಿನ ಎರಡೂ ಕಡೆ ಗಂಟು ಕಾಣಿಸಿಕೊಂಡವು. ನೋವಿಲ್ಲ, ಜ್ವರವಿಲ್ಲ. ನಮ್ಮೂರ ಡಾಕ್ಟರು ಗಂಡಮಾಲೆ ಇರಬಹುದು ಅಂದರು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಒಂದು ಗಂಟು ತೆಗೆದು ಪರೀಕ್ಷೆ ಮಾಡಿ ‘ಫಾಲಿಕ್ಯುಲರ್ ಲಿಂಫೋಮಾ, ಗ್ರೇಡ್ 2, ಸ್ಟೇಜ್ 3’ ಅಂತ ಬರೆದುಕೊಟ್ಟರು. ಕ್ಯಾನ್ಸರ್ ಅಂತ ಕೇಳಿ ನಮ್ಮ ಯಜಮಾನರು ಕುಸಿದು ಕೂತರು. ಆದರೆ ಡಾಕ್ಟರು, ‘ಈಗ ಏನೂ ಔಷಧಿ ಬೇಡಮ್ಮ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಿ’ ಅಂತ ಕಳಿಸಿಬಿಟ್ಟರು. ‘ಕೈಬಿಟ್ಟೋರಿಗೇ ಹಾಗೆ ಹೇಳೋದು’ ಅಂತಾಳೆ ನಮ್ಮ ವಾರಗಿತ್ತಿ. ಯಜಮಾನರು ತೆಂಗಿನ ತೋಟ ಮಾರಿ ಬೇರೆ ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗ್ತೀನಿ ಅಂತ ಹಟ ಹಿಡಿದಿದ್ದಾರೆ. ಮೈದುನ ಯಾವುದೋ ಭಸ್ಮ ತಂದಿಟ್ಟಿದ್ದಾನೆ. ಮಗಳ ಮದುವೆ ಮಾತು ನಡೀತಾ ಇದೆ. ನನಗೆ ಮೂರೇ ಪ್ರಶ್ನೆ. ಡಾಕ್ಟರು ನನ್ನನ್ನು ಕೈಬಿಟ್ಟರೇ? ನಾನು ಎಷ್ಟು ದಿನ ಇರ್ತೀನಿ? ತೋಟ ಮಾರಬೇಕೇ?”

ಜೊತೆಯಲ್ಲಿ ರಿಪೋರ್ಟುಗಳ ನಕಲನ್ನೂ ಇಟ್ಟಿದ್ದಾರೆ. ಒಳ್ಳೆಯದೇ ಆಯಿತು.

ತಂಗಿ, ಮೊದಲ ಪ್ರಶ್ನೆಯ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಯಾರೂ ಕೈಬಿಟ್ಟಿಲ್ಲ. ನಿಮ್ಮ ರೋಗಕ್ಕೆ, ನೀವು ಈಗ ಇರುವ ಸ್ಥಿತಿಯಲ್ಲಿ, ಕಾದು ನೋಡುವುದು ಪ್ರಪಂಚದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಕೊಡುವ ಸಲಹೆಯೇ. ಯಾಕೆ ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ. ಸಾಧ್ಯವಾದರೆ ಈ ಪುಟವನ್ನು ನಿಮ್ಮ ಯಜಮಾನರನ್ನೂ ಕೂರಿಸಿಕೊಂಡು ಓದಿ.

ಇದೆಂಥ ರೋಗ?

ಮೈಯಲ್ಲಿ ರಕ್ತನಾಳಗಳಿರುವ ಹಾಗೆ ದುಗ್ಧನಾಳಗಳೂ ಇವೆ. ಅವುಗಳ ದಾರಿಯಲ್ಲಿ, ಕತ್ತು, ಕಂಕುಳು, ತೊಡೆಸಂದು, ಎದೆ, ಹೊಟ್ಟೆಗಳಲ್ಲಿ ಕಾಳಿನಂಥ ಗ್ರಂಥಿಗಳಿವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಗಡ್ಡೆ ಕಟ್ಟುತ್ತದಲ್ಲ, ಅದು ಇದೇ ಗ್ರಂಥಿ. ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೆ ಇದು ಮನೆ. ಆ ಬಿಳಿ ಕಣಗಳೇ ಹದ್ದುಮೀರಿ ಬೆಳೆದರೆ ಅದಕ್ಕೆ ಲಿಂಫೋಮಾ ಎಂದು ಹೆಸರು. ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯರು 1832ರಲ್ಲಿ ಇಂಥ ಗ್ರಂಥಿ ರೋಗವನ್ನು ಮೊದಲು ವಿವರಿಸಿದರು.

ಲಿಂಫೋಮಾ ಅಂದರೆ ಒಂದೇ ರೋಗವಲ್ಲ, ಹತ್ತಾರು ಬಗೆ. ಕೆಲವು ವಾರದಿಂದ ವಾರಕ್ಕೆ ಬೆಳೆಯುತ್ತವೆ. ಅವಕ್ಕೆ ಕೂಡಲೇ ಔಷಧಿ ಬೇಕು. ಕೆಲವು ವರ್ಷಗಟ್ಟಲೆ ಆಮೆಯ ಹಾಗೆ ನಡೆಯುತ್ತವೆ. ನಿಧಾನದ ಗುಂಪಿನಲ್ಲಿ ಹೆಚ್ಚಾಗಿ ಕಾಣುವುದು ನಿಮಗೆ ಬಂದಿರುವ ಫಾಲಿಕ್ಯುಲರ್ ಬಗೆ. ಯೂರೋಪು, ಅಮೆರಿಕಗಳಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಇದು ಕಡಿಮೆ. ಹಾಗಾಗಿ ನಿಮ್ಮ ಬಳಗದಲ್ಲಿ ಇದರ ಹೆಸರನ್ನೇ ಯಾರೂ ಕೇಳಿರಲಿಕ್ಕಿಲ್ಲ.

ಇದು ಯಾಕೆ ಇಷ್ಟು ನಿಧಾನ? ಹಣ್ಣೆಲೆ ಉದುರಬೇಕು, ಚಿಗುರೆಲೆ ಬರಬೇಕು. ಮರದ ಧರ್ಮ ಅದು. ನಮ್ಮ ಬಿಳಿ ಕಣಗಳಿಗೂ ಆಯುಸ್ಸು ಮುಗಿದ ಮೇಲೆ ಉದುರುವ ನಿಯಮವಿದೆ. ಈ ರೋಗದಲ್ಲಿ ಹೆಚ್ಚಿನವರಲ್ಲಿ 14 ಮತ್ತು 18ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗಿರುತ್ತವೆ. ಅದರಿಂದ ಬಿ.ಸಿ.ಎಲ್.–2 ಎಂಬ ಪ್ರೋಟೀನು ಅತಿಯಾಗಿ ತಯಾರಾಗಿ ಹಣ್ಣೆಲೆಗಳನ್ನು ಉದುರಲು ಬಿಡುವುದಿಲ್ಲ. 1980ರ ದಶಕದ ನಡುವಿನಲ್ಲಿ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಕಣಗಳು ರಭಸದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ, ಸಾಯದೆ ಕೂಡಿಕೊಳ್ಳುತ್ತವೆ. ಈ ಅದಲುಬದಲು ಹುಟ್ಟಿದ ಮೇಲೆ ಯಾವಾಗಲೋ ಒಂದು ಕಣದಲ್ಲಿ ಆಗುವಂಥದ್ದು. ನೀವು ತಿಂದದ್ದರಿಂದಲೋ, ಮಾಡಿದ ಪಾಪದಿಂದಲೋ ಬಂದದ್ದಲ್ಲ. ಸಾಮಾನ್ಯವಾಗಿ ತಾಯಿಯಿಂದ ಮಗಳಿಗೆ ಹರಿದು ಬರುವ ರೋಗವೂ ಅಲ್ಲ. ಅಂಟುರೋಗ ಅಂತೂ ಖಂಡಿತ ಅಲ್ಲ.

ಹೆಸರು ಸರಿಯಾಗಿ ಗೊತ್ತಾಗಬೇಕು

ಇಲ್ಲಿ ಎಲ್ಲ ಓದುಗರಿಗೂ ಒಂದು ಮಾತು. ಕತ್ತಿನಲ್ಲಿ ಗಂಟು ಬಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯದ ಗಂಡಮಾಲೆ. ಅದು ತಪ್ಪೂ ಅಲ್ಲ, ಗ್ರಂಥಿಯ ಕ್ಷಯ ನಮ್ಮ ದೇಶದಲ್ಲಿ ಬಹಳ ಇದೆ. ಆದರೆ ಪರೀಕ್ಷೆ ಮಾಡದೆ ಬರೀ ಅಂದಾಜಿನ ಮೇಲೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಬಾರದು. ಸೂಜಿ ಚುಚ್ಚಿ ತೆಗೆಯುವ ಪರೀಕ್ಷೆಯಿಂದ ಸುಳಿವು ಸಿಗಬಹುದು. ಲಿಂಫೋಮಾದ ಬಗೆ ಯಾವುದು ಎಂದು ತಿಳಿಯಲು ಸಾಧ್ಯವಾದಷ್ಟೂ ಇಡೀ ಗಂಟನ್ನೇ ತೆಗೆದು ನೋಡಬೇಕು. ನಿಮಗೆ ಹಾಗೆ ಮಾಡಿದ್ದಾರೆ, ಸಮಾಧಾನದ ವಿಷಯ.

ಗ್ರೇಡ್ 1, 2, 3–ಎ ಇವೆಲ್ಲ ಸಾಮಾನ್ಯವಾಗಿ ನಿಧಾನದ ಬಗೆ. 3–ಬಿ ಎಂದು ಬರೆದಿದ್ದರೆ ಅದನ್ನು ವೇಗದ ಬಗೆಯ ಹಾಗೆ ನೋಡಿಕೊಳ್ಳುತ್ತಾರೆ. ನಿಮ್ಮದು 2.

‘ಸ್ಟೇಜ್ 3’ ನೋಡಿ ಎದೆ ಒಡೆದುಕೊಳ್ಳಬೇಡಿ. ಅಮೆರಿಕದ ಆನ್ ಆರ್ಬರ್ ಎಂಬ ಊರಿನಲ್ಲಿ 1971ರಲ್ಲಿ ತಜ್ಞರು ಸೇರಿ ಮಾಡಿದ ಲೆಕ್ಕ ಅದು. ಒಂದೇ ಜಾಗದ ಗ್ರಂಥಿಗಳಲ್ಲಿದ್ದರೆ 1. ವಪೆಯ, ಅಂದರೆ ಎದೆ ಹೊಟ್ಟೆಗಳ ನಡುವಿನ ಪರದೆಯ, ಒಂದೇ ಪಕ್ಕದಲ್ಲಿ ಎರಡು ಮೂರು ಕಡೆ ಇದ್ದರೆ 2. ಪರದೆಯ ಎರಡೂ ಪಕ್ಕ ಇದ್ದರೆ 3. ಅಸ್ಥಿಮಜ್ಜೆಗೋ ಬೇರೆ ಅಂಗಕ್ಕೋ ಹರಡಿದ್ದರೆ 4. ಬಿಳಿ ಕಣಗಳು ಊರೆಲ್ಲ ಅಲೆಯುವ ಕಣಗಳು. ಆದ್ದರಿಂದ ಈ ರೋಗದಲ್ಲಿ ಹೆಚ್ಚಿನವರು ಗೊತ್ತಾಗುವ ಹೊತ್ತಿಗೇ 3 ಅಥವಾ 4ರಲ್ಲಿರುತ್ತಾರೆ. ಸ್ತನದ, ಗರ್ಭಕೋಶದ ಕ್ಯಾನ್ಸರಿನ ನಾಲ್ಕನೇ ಹಂತಕ್ಕೂ ಇದರ ನಾಲ್ಕನೇ ಹಂತಕ್ಕೂ ಹೋಲಿಕೆಯೇ ಇಲ್ಲ.

ಕಾಯುವುದು ಯಾಕೆ?

“ಕ್ಯಾನ್ಸರ್ ಅಂದಮೇಲೆ ಬೇಗ ಔಷಧಿ ಮಾಡಿದಷ್ಟೂ ಒಳ್ಳೇದಲ್ವೇ?” ನೀವು ಕೇಳುವುದು ಸಹಜ. ಬೇರೆ ಎಷ್ಟೋ ಕ್ಯಾನ್ಸರಿಗೆ ಆ ಮಾತು ನಿಜ. ಇದಕ್ಕೆ ಮಾತ್ರ ಬೇರೆ ಲೆಕ್ಕ.

ಹರಡಿದ ಫಾಲಿಕ್ಯುಲರ್ ಲಿಂಫೋಮಾವನ್ನು ಔಷಧಿಯಿಂದ ಕುಗ್ಗಿಸಬಹುದು, ವರ್ಷಗಟ್ಟಲೆ ಕಾಣದ ಹಾಗೆ ಮಾಡಬಹುದು. ಬೇರುಸಹಿತ ಕಿತ್ತುಹಾಕಿದೆವು ಎನ್ನುವುದು ಕಷ್ಟ. ಹಾಗಿದ್ದ ಮೇಲೆ, ತೊಂದರೆಯೇ ಇಲ್ಲದ ದಿನಗಳಲ್ಲಿ ಔಷಧಿ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆಯೇ? ವೈದ್ಯರೂ ಇದೇ ಪ್ರಶ್ನೆ ಕೇಳಿಕೊಂಡರು.

ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು ಮೊದಲಿಗೆ ಔಷಧಿ ಕೊಡದೆ ನೋಡಿಕೊಂಡ 83 ಜನರ ವಿವರವನ್ನು 1984ರಲ್ಲಿ ಪ್ರಕಟಿಸಿದರು. ಅವರಲ್ಲಿ 19 ಜನರ ಗಂಟುಗಳು ಯಾವ ಔಷಧಿಯೂ ಇಲ್ಲದೆ ಒಂದಷ್ಟು ಕಾಲ ತಾವಾಗಿಯೇ ಕುಗ್ಗಿದ್ದವು! ಬ್ರಿಟನ್ನಿನಲ್ಲಿ ಇನ್ನೂ ಗಟ್ಟಿಯಾದ ಪರೀಕ್ಷೆ ನಡೆಯಿತು. ತೊಂದರೆ ಇಲ್ಲದ 309 ಜನರಲ್ಲಿ ಕೆಲವರಿಗೆ ಕೂಡಲೇ ಕ್ಲೋರಾಂಬ್ಯುಸಿಲ್ ಮಾತ್ರೆ ಕೊಟ್ಟರು, ಉಳಿದವರನ್ನು ಕಾಯಿಸಿದರು. ಸುಮಾರು 16 ವರ್ಷ ಅವರನ್ನು ಗಮನಿಸಿ 2003ರಲ್ಲಿ ಫಲಿತಾಂಶ ಹೇಳಿದರು: ಎರಡು ಗುಂಪಿನವರೂ ಬದುಕಿದ್ದು ಒಂದೇ ಸಮ. ಕಾದವರಲ್ಲಿ ನೂರಕ್ಕೆ 19 ಜನರಿಗೆ ಹತ್ತು ವರ್ಷವಾದರೂ ಕೀಮೋಥೆರಪಿ ಬೇಕಾಗಿರಲಿಲ್ಲ. ಎಪ್ಪತ್ತು ದಾಟಿದವರಲ್ಲಂತೂ ನೂರಕ್ಕೆ 40.

ಅದಾದ ಮೇಲೆ ರಿಟುಕ್ಸಿಮ್ಯಾಬ್ ಎಂಬ ಹೊಸ ಔಷಧಿ ಬಂತು. ಅದನ್ನಾದರೂ ಬೇಗ ಕೊಟ್ಟರೆ? ಆ ಬ್ರಿಟಿಷ್ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಮೂರು ವರ್ಷವಾದಾಗ, ಕಾದವರಲ್ಲಿ ನೂರಕ್ಕೆ 46 ಜನರಿಗೆ ಇನ್ನೂ ಚಿಕಿತ್ಸೆ ಬೇಕಾಗಿರಲಿಲ್ಲ. ಮೊದಲೇ ರಿಟುಕ್ಸಿಮ್ಯಾಬ್ ಪಡೆದು ಎರಡು ವರ್ಷ ಮುಂದುವರಿಸಿದವರಲ್ಲಿ ನೂರಕ್ಕೆ 88 ಜನರಿಗೆ ಬೇರೆ ಚಿಕಿತ್ಸೆ ಬೇಕಾಗಿರಲಿಲ್ಲ. ಆದರೆ ಬದುಕಿದ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮುಂದಿನ ಚಿಕಿತ್ಸೆಯನ್ನು ದೂರ ತಳ್ಳಬಹುದು, ಆಯುಸ್ಸನ್ನು ಹೆಚ್ಚಿಸಿದ ಹಾಗಾಗಲಿಲ್ಲ. ಕಾಯುವುದೇ ಮನಸ್ಸಿಗೆ ಹಿಂಸೆ ಆಗುವವರಿಗೆ ಇದೂ ಒಂದು ದಾರಿ, ಡಾಕ್ಟರ ಜೊತೆ ಮಾತಾಡಬಹುದು.

ನೋಡಿ, ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ. ಬಂದೂಕಿನಲ್ಲಿ ಇರುವ ಗುಂಡುಗಳನ್ನು ನೆರಳಿಗೆ ಹೊಡೆಯದೆ ಇಟ್ಟುಕೊಳ್ಳುವುದು.

ಎಷ್ಟು ವರ್ಷ?

ಈಗ ಕಷ್ಟದ ಪ್ರಶ್ನೆ. ಯಾವ ಡಾಕ್ಟರೂ ನಿಮಗೆ ಇಷ್ಟೇ ವರ್ಷ ಎಂದು ಹೇಳಲಾರರು. ಹೇಳಿದರೆ ನಂಬಬೇಡಿ. ಆದರೆ ಅಂದಾಜು ಮಾಡಲು ಒಂದು ಅಳತೆಗೋಲು ಇದೆ. 1985ರಿಂದ 1992ರವರೆಗೆ ರೋಗ ಗೊತ್ತಾದ 4,000ಕ್ಕೂ ಹೆಚ್ಚು ಜನರ ವಿವರ ಕೂಡಿಸಿ 2004ರಲ್ಲಿ ಇದನ್ನು ಪ್ರಕಟಿಸಿದರು. ಫ್ಲಿಪಿ ಎಂದು ಕರೆಯುತ್ತಾರೆ. ಐದು ಪ್ರಶ್ನೆ, ಪ್ರತಿ ‘ಹೌದು’ಗೂ ಒಂದು ಅಂಕ. ಬನ್ನಿ, ನಿಮ್ಮ ರಿಪೋರ್ಟು ಇಟ್ಟುಕೊಂಡೇ ಲೆಕ್ಕ ಹಾಕೋಣ.

ವಯಸ್ಸು 60 ದಾಟಿದೆಯೇ? ನಿಮಗೆ 52. ಅಂಕ ಇಲ್ಲ.
ಸ್ಟೇಜ್ 3 ಅಥವಾ 4 ಇದೆಯೇ? ಹೌದು. ಒಂದು ಅಂಕ.
ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯೇ? ನಿಮ್ಮದು 12.4. ಇಲ್ಲ.
ನಾಲ್ಕಕ್ಕಿಂತ ಹೆಚ್ಚು ಜಾಗದ ಗ್ರಂಥಿಗಳಲ್ಲಿದೆಯೇ? ನಿಮಗೆ ಕತ್ತಿನ ಎರಡು ಪಕ್ಕ, ಬಲ ಕಂಕುಳು, ಎಡ ತೊಡೆಸಂದು, ಒಟ್ಟು ನಾಲ್ಕು. ಇಲ್ಲ.
ರಕ್ತದಲ್ಲಿ ಎಲ್.ಡಿ.ಎಚ್. ಹೆಚ್ಚಿದೆಯೇ? ನಿಮ್ಮದು ಸರಿಯಾದ ಮಿತಿಯಲ್ಲೇ ಇದೆ. ಇಲ್ಲ.

ಒಟ್ಟು ಒಂದು ಅಂಕ. ಸೊನ್ನೆ ಅಥವಾ ಒಂದು ಬಂದವರದು ಕಡಿಮೆ ಅಪಾಯದ ಗುಂಪು, ಎರಡು ನಡುವಿನದು, ಮೂರು ಮತ್ತು ಮೇಲೆ ಹೆಚ್ಚು ಅಪಾಯದ್ದು. ಹತ್ತು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 71, ಎರಡನೆಯದರಲ್ಲಿ 51, ಮೂರನೆಯದರಲ್ಲಿ 36.

ಈ ಅಂಕಿಗಳನ್ನು ಓದುವ ರೀತಿ ಇದೆ. ಒಂದು, ಇವು ರಿಟುಕ್ಸಿಮ್ಯಾಬ್ ಬರುವುದಕ್ಕೆ ಮೊದಲಿನ ಕಾಲದ ಲೆಕ್ಕ. ಈಗಿನ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆ. ಎರಡು, ಇದು ಗುಂಪಿನ ಲೆಕ್ಕವೇ ಹೊರತು ಒಬ್ಬರ ಜಾತಕವಲ್ಲ. ಮೂರನೆಯದು ಬಹಳ ಮುಖ್ಯ: ಅಂಕ ಹೆಚ್ಚು ಬಂತೆಂದು ಕೂಡಲೇ ಔಷಧಿ ಶುರುಮಾಡಬೇಕು ಅಂತಿಲ್ಲ. ಯಾವಾಗ ಶುರು ಎನ್ನುವುದಕ್ಕೆ ಬೇರೆ ಗುರುತುಗಳಿವೆ.

ಇನ್ನೊಂದು ನಮ್ಮ ಹೆಂಗಸರ ಮಾತು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗಿಯೋ, ಕಬ್ಬಿಣದ ಅಂಶ ಸಾಲದೆಯೋ ಹಿಮೋಗ್ಲೋಬಿನ್ ಇಳಿದಿರುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಅಂಥವರು ರಿಪೋರ್ಟಿನಲ್ಲಿ 10 ನೋಡಿ ರೋಗ ಹೆಚ್ಚಾಯಿತೆಂದು ಅಳಬಾರದು. ರಕ್ತ ಯಾಕೆ ಕಡಿಮೆ ಇದೆ ಎಂದು ಮೊದಲು ಪರೀಕ್ಷೆ ಮಾಡಿಸಬೇಕು.

ಔಷಧಿ ಯಾವಾಗ ಬೇಕು?

ಡಾಕ್ಟರು ಮೂರು ತಿಂಗಳಿಗೊಮ್ಮೆ ನೋಡುವುದು ಇವನ್ನೇ: ಒಂದು ಗಂಟು 7 ಸೆಂಟಿಮೀಟರಿಗಿಂತ ದೊಡ್ಡದಾಯಿತೇ? ಮೂರು ಬೇರೆ ಬೇರೆ ಜಾಗದಲ್ಲಿ 3 ಸೆಂಟಿಮೀಟರು ಮೀರಿದ ಗಂಟುಗಳಿವೆಯೇ? ಗುಲ್ಮ ಊದಿದೆಯೇ? ಎದೆಯಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿದೆಯೇ? ಗಂಟು ಉಸಿರುನಾಳವನ್ನೋ ಮೂತ್ರನಾಳವನ್ನೋ ಒತ್ತುತ್ತಿದೆಯೇ? ಮಜ್ಜೆ ತುಂಬಿ ರಕ್ತಕಣಗಳು ಕಡಿಮೆಯಾದುವೇ? ಜೊತೆಗೆ ಮೈಯ ಮೂರು ದೂರುಗಳು: ಕಾರಣವಿಲ್ಲದೆ 38 ಡಿಗ್ರಿ ಸೆಂಟಿಗ್ರೇಡ್ ಮೀರಿ ಬರುವ ಜ್ವರ, ರಾತ್ರಿ ರವಿಕೆ ಹಾಸಿಗೆ ತೊಯ್ಯುವಷ್ಟು ಬೆವರು, ಆರು ತಿಂಗಳಲ್ಲಿ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತೂಕ ಇಳಿಯುವುದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮುಖಕ್ಕೆ ಬಿಸಿ ಏರಿ ಬೆವರುವುದುಂಟು. ಅದನ್ನು ಇದೇ ಎಂದುಕೊಂಡು ಹೆದರಬೇಡಿ, ಆದರೆ ಡಾಕ್ಟರಿಗೆ ಹೇಳಿ.

ನಿಮ್ಮ ದೊಡ್ಡ ಗಂಟು ಎರಡೂವರೆ ಸೆಂಟಿಮೀಟರು, ಒಂದು ನೆಲ್ಲಿಕಾಯಿಯಷ್ಟು. ಮೇಲಿನ ಒಂದು ಗುರುತೂ ನಿಮ್ಮಲ್ಲಿಲ್ಲ. ಡಾಕ್ಟರು ಔಷಧಿ ಬೇಡ ಅಂದದ್ದು ಇದಕ್ಕೇ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಈ ನಿಧಾನದ ರೋಗ ಕೆಲವರಲ್ಲಿ ವೇಗದ ಬಗೆಗೆ ತಿರುಗುತ್ತದೆ, ವರ್ಷಕ್ಕೆ ನೂರರಲ್ಲಿ ಸುಮಾರು 2–3 ಜನರಿಗೆ. ಒಂದೇ ಗಂಟು ಎರಡು ಮೂರು ವಾರದಲ್ಲಿ ದಿಢೀರನೆ ಬೆಳೆದರೆ, ಜ್ವರ ಬೆವರು ಹೊಸದಾಗಿ ಶುರುವಾದರೆ, ಎಲ್.ಡಿ.ಎಚ್. ಏರಿದರೆ ಮೂರು ತಿಂಗಳ ತಾರೀಖಿಗೆ ಕಾಯಬೇಡಿ. ಅದೇ ವಾರ ಹೋಗಿ. ಆಗ ಮತ್ತೊಮ್ಮೆ ಗಂಟಿನ ಪರೀಕ್ಷೆ ಮಾಡಬೇಕಾಗುತ್ತದೆ.

ಏನೇನು ದಾರಿಗಳಿವೆ?

ರೋಗ ಒಂದೇ ಜಾಗದಲ್ಲೋ ಅಕ್ಕಪಕ್ಕದಲ್ಲೋ ಇದ್ದವರಿಗೆ ಕಾಯುವುದಕ್ಕಿಂತ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ಮೊದಲ ಆಯ್ಕೆ. ಎರಡೂವರೆ ವಾರದಷ್ಟು ಕೆಲಸ. ಅಂಥವರಲ್ಲಿ ಸುಮಾರು ಅರ್ಧ ಜನರಿಗೆ ಹತ್ತು ವರ್ಷವಾದರೂ ರೋಗ ಮರಳಿಲ್ಲ. ಹರಡಿದ ರೋಗದಲ್ಲೂ ಒಂದು ಗಂಟು ಮಾತ್ರ ಕಾಟ ಕೊಡುತ್ತಿದ್ದರೆ ಎರಡೇ ದಿನದ ಕಿರು ವಿಕಿರಣದಿಂದ ಅದನ್ನು ಕುಗ್ಗಿಸಬಹುದು.

ಹರಡಿದವರಿಗೆ ಔಷಧಿ ಬೇಕಾದಾಗ ನಡುಗಂಬ ರಿಟುಕ್ಸಿಮ್ಯಾಬ್. 1997ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಇದು ಕಣದ ಮೈಮೇಲಿನ ಗುರುತು ಹಿಡಿದು ಅಂಟಿಕೊಳ್ಳುವ ಔಷಧಿ. ಮೊದಲ ಸಲ ಹಾಕುವಾಗ ಚಳಿ, ನಡುಕ, ಜ್ವರ ಬರಬಹುದು. ಅದಕ್ಕೇ ಗಂಟೆಗಟ್ಟಲೆ ನಿಧಾನವಾಗಿ ಹಾಕುತ್ತಾರೆ. ಇದನ್ನು ಕೊಡುವ ಮುಂಚೆ ಹೆಪಟೈಟಿಸ್–ಬಿ ರಕ್ತಪರೀಕ್ಷೆ ಆಗಲೇಬೇಕು. ಹಿಂದೆ ಬಂದು ಮಲಗಿದ್ದ ಆ ಕಾಮಾಲೆ ಈ ಔಷಧಿಯಿಂದ ಎದ್ದು ಪ್ರಾಣಕ್ಕೇ ತರಬಹುದು. ನೀವೇ ಬಾಯಿ ಬಿಟ್ಟು ಕೇಳಿ.

ಇದರ ಜೊತೆಗೆ ಕೀಮೋಥೆರಪಿ ಸೇರಿಸುತ್ತಾರೆ. ಒಂದು ಬೆಂಡಾಮುಸ್ಟಿನ್, 1960ರ ದಶಕದಲ್ಲಿ ಪೂರ್ವ ಜರ್ಮನಿಯಲ್ಲಿ ತಯಾರಾದ ಹಳೆಯ ಔಷಧಿ. ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ, ಆರು ಸಲ. ಇನ್ನೊಂದು ನಾಲ್ಕು ಔಷಧಿಗಳ ಕೂಟ, ‘ಚಾಪ್’ ಅನ್ನುತ್ತಾರೆ. ಅದರಲ್ಲಿ ಕೆಂಪು ಬಣ್ಣದ ಒಂದು ಔಷಧಿ ತಲೆಗೂದಲು ಉದುರಿಸುತ್ತದೆ, ಹೃದಯವನ್ನೂ ನೋಡಿಕೊಳ್ಳಬೇಕು. ಇನ್ನೊಂದು ಬೆರಳ ತುದಿ ಜೋಮು ಹಿಡಿಸುತ್ತದೆ. 2013ರಲ್ಲಿ ಪ್ರಕಟವಾದ ಜರ್ಮನ್ ಪರೀಕ್ಷೆಯಲ್ಲಿ, ರಿಟುಕ್ಸಿಮ್ಯಾಬ್ ಜೊತೆ ಬೆಂಡಾಮುಸ್ಟಿನ್ ಪಡೆದವರಲ್ಲಿ ರೋಗ ಮತ್ತೆ ತಲೆ ಎತ್ತಲು ಸುಮಾರು 69 ತಿಂಗಳು ಹಿಡಿಯಿತು, ಚಾಪ್ ಪಡೆದವರಲ್ಲಿ 31. ಕೂದಲೂ ಅಷ್ಟಾಗಿ ಉದುರಲಿಲ್ಲ. ಆದರೆ ಬೆಂಡಾಮುಸ್ಟಿನ್ ರೋಗನಿರೋಧಕ ಶಕ್ತಿಯನ್ನು ಬಹಳ ದಿನ ತಗ್ಗಿಸುತ್ತದೆ, ಸೋಂಕಿನ ಭಯ ಹೆಚ್ಚು. ವಯಸ್ಸಾದವರಿಗೂ ಹಿಂದೆ ಕ್ಷಯ ಬಂದವರಿಗೂ ಇದನ್ನು ಯೋಚಿಸಿ ಕೊಡಬೇಕು.

ಗಂಟು ಕರಗಿದ ಮೇಲೆ ಎರಡು ತಿಂಗಳಿಗೊಮ್ಮೆ ಎರಡು ವರ್ಷ ರಿಟುಕ್ಸಿಮ್ಯಾಬ್ ಮುಂದುವರಿಸುವ ಪದ್ಧತಿಯೂ ಇದೆ. ಹಾಗೆ ಮುಂದುವರಿಸಿದವರಲ್ಲಿ ಹತ್ತು ವರ್ಷದವರೆಗೂ ರೋಗ ಮುಂದುವರಿಯದೆ ಉಳಿದವರು ನೂರಕ್ಕೆ 51, ನಿಲ್ಲಿಸಿದವರಲ್ಲಿ 35. ಬದುಕಿದವರು ಎರಡೂ ಕಡೆ ನೂರಕ್ಕೆ ಸುಮಾರು 80. ಆದ್ದರಿಂದ ಇದು ಕಡ್ಡಾಯವಲ್ಲ. ಖರ್ಚು, ಓಡಾಟ, ಸೋಂಕು ನೋಡಿ ತೀರ್ಮಾನಿಸಬೇಕು.

ಮೊದಲ ಚಿಕಿತ್ಸೆಯ ನಂತರದ ಎರಡು ವರ್ಷ ಬಹಳ ಮಾತು ಹೇಳುತ್ತದೆ. ರಿಟುಕ್ಸಿಮ್ಯಾಬ್ ಮತ್ತು ಚಾಪ್ ಪಡೆದವರನ್ನು ನೋಡಿ 2015ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಐದರಲ್ಲಿ ಒಬ್ಬರಿಗೆ ಎರಡು ವರ್ಷದೊಳಗೇ ರೋಗ ಮರಳಿತ್ತು. ಅಂಥವರಲ್ಲಿ ಐದು ವರ್ಷ ಬದುಕಿದ್ದವರು ನೂರಕ್ಕೆ 50, ಉಳಿದವರಲ್ಲಿ 90. ಬೇಗ ಮರಳಿದರೆ ದೊಡ್ಡ ಕೇಂದ್ರಕ್ಕೆ ಹೋಗುವುದು ಅಗತ್ಯ. ರೋಗ ಮರಳಿದವರಿಗೆ ಲೆನಾಲಿಡೊಮೈಡ್ ಮಾತ್ರೆ ಇದೆ. ಗರ್ಭ ಧರಿಸುವ ಸಾಧ್ಯತೆ ಇರುವವರಿಗೆ ಇದು ಅಪಾಯ. ಬಿಳಿ ಕಣವನ್ನೇ ಹೊರತೆಗೆದು ತಿದ್ದಿ ಮರಳಿ ಹಾಕುವ ಕಾರ್–ಟಿ ಚಿಕಿತ್ಸೆಯೂ ಬಂದಿದೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರ ದುಡಿಮೆಯಿಂದ ರೂಪುಗೊಂಡ ಇಂಥ ಒಂದು ಚಿಕಿತ್ಸೆಗೆ 2023ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಐದು ವರ್ಷ ಕಾದವರಿಗೆ, ಕಾಯಲು ಶುರುಮಾಡಿದಾಗ ಇಲ್ಲದ ಔಷಧಿ ಸಿಗುತ್ತದೆ. ಕಾಯುವುದರಲ್ಲಿ ಈ ಲಾಭವೂ ಇದೆಯಮ್ಮ.

ತೋಟ ಮಾರಬೇಕೇ?

ಬೇಡ. ಈಗ ಬೇಡವೇ ಬೇಡ. ಇಂದು ತೋಟ ಮಾರಿ ತಂದ ಹಣದಿಂದ ನಿಮಗೆ ಅಗತ್ಯವಿಲ್ಲದ ಔಷಧಿ ಕೊಳ್ಳಬಹುದು, ಆಯುಸ್ಸು ಕೊಳ್ಳಲಾಗದು. ಮುಂದೆ ನಿಜವಾಗಿ ಔಷಧಿ ಬೇಕಾದ ದಿನ ಕೈ ಬರಿದಾಗಿರುತ್ತದೆ.

ಯಜಮಾನರಿಗೆ ಮನಸ್ಸು ನಿಲ್ಲದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಅದು ನಿಮ್ಮ ಹಕ್ಕು, ಮೊದಲ ಡಾಕ್ಟರಿಗೆ ಅವಮಾನವಲ್ಲ. ಗಂಟಿನ ಸ್ಲೈಡು, ಬ್ಲಾಕು, ಸ್ಕ್ಯಾನಿನ ಚಿತ್ರಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಜೊತೆಗೆ ಒಯ್ಯಿರಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ, ಮುಂಬಯಿಯಲ್ಲಿ 1941ರಿಂದ ಟಾಟಾ ಆಸ್ಪತ್ರೆ ಇದೆ. ಇದಕ್ಕೆ ಬೇಕಾದದ್ದು ಬಸ್ಸು ರೈಲಿನ ಖರ್ಚು, ಪರೀಕ್ಷೆಯ ಶುಲ್ಕ, ತೋಟವಲ್ಲ.

ಖರ್ಚಿನ ದಾರಿಯನ್ನು ಈಗಲೇ ನೋಡಿಕೊಳ್ಳಿ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲಿ ನಮ್ಮ ದೇಶದ್ದೇ ರಿಟುಕ್ಸಿಮ್ಯಾಬ್ ತಂದಿತು. ಆಮೇಲೆ ಬೇರೆ ಕಂಪನಿಗಳೂ ತಂದವು. ವಿದೇಶಿ ಔಷಧಿಗಿಂತ ಬೆಲೆ ಕಡಿಮೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಾರ್ಡನ್ನು ಈಗಲೇ ಮಾಡಿಸಿ, ಯಾವ ಔಷಧಿ ಇದರಡಿ ಬರುತ್ತದೆ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಿ.

ಕಾಯುವ ದಿನಗಳಲ್ಲಿ

ಪಥ್ಯ ಅಂತ ಏನೂ ಇಲ್ಲ. ಸೊಪ್ಪು, ಬೇಳೆ, ಹಾಲು, ಮುದ್ದೆ, ಅನ್ನ, ಮನೆಯವರು ಉಣ್ಣುವುದನ್ನೇ ಉಣ್ಣಿ. ಮುಂದೆ ಕೀಮೋ ಶುರುವಾಗಿ ಬಿಳಿ ಕಣ ಇಳಿದಾಗ ಮಾತ್ರ ಹಸಿ ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಬೀದಿಯ ಪಾನಿಪೂರಿ ಬಿಟ್ಟು, ಬಿಸಿಯಾಗಿ ಬೇಯಿಸಿದ್ದು, ಕಾಯಿಸಿ ಆರಿಸಿದ ನೀರು ಸಾಕು. ಕೀಮೋ ಕಾಲದಲ್ಲಿ ಜ್ವರ ಬಂದರೆ ಕಷಾಯ ಕುಡಿದು ಮಲಗಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ಈಗಲೇ ಕೇಳಿ. ರಿಟುಕ್ಸಿಮ್ಯಾಬ್ ಆದ ಮೇಲೆ ತಿಂಗಳುಗಟ್ಟಲೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ.

ಮೈದುನ ತಂದ ಭಸ್ಮವನ್ನು ಪ್ರೀತಿಯಿಂದಲೇ ಬೇಡ ಎನ್ನಿ. ಎಷ್ಟೋ ಭಸ್ಮಗಳಲ್ಲಿ ಸೀಸ, ಪಾದರಸ ಸಿಕ್ಕಿದೆ. ಅದನ್ನು ತಿಂದು ಯಕೃತ್ತೋ ಮೂತ್ರಪಿಂಡವೋ ಕೆಟ್ಟರೆ ಮುಂದೆ ಕೊಡಬೇಕಾದ ಔಷಧಿಯನ್ನೂ ಕೊಡಲಾಗದು.

ದಿನಕ್ಕೆ ಹತ್ತು ಸಲ ಕತ್ತು ಒತ್ತಿ ನೋಡಬೇಡಿ. ಗಂಟು ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಆಗುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು. ತಪಾಸಣೆಯ ತಾರೀಖು ಹತ್ತಿರ ಬಂದ ಹಾಗೆ ನಿದ್ದೆ ಹಾರುತ್ತದೆ, ಅದು ಎಲ್ಲರಿಗೂ ಆಗುವುದೇ. ಆ ವಾರ ಒಬ್ಬರೇ ಕೂರಬೇಡಿ, ಆಸ್ಪತ್ರೆಗೂ ಒಬ್ಬರೇ ಹೋಗಬೇಡಿ.

ಮಗಳ ಮದುವೆ? ಮಾತು ನಡೆಯಲಿ. ನಿಮ್ಮ ಕಣ್ಣ ಮುಂದೆ ಆಗಲಿ ಎಂದು ಓದು ಬಿಡಿಸಿ ಆತುರ ಮಾಡಬೇಡಿ, ರೋಗದ ನೆಪದಲ್ಲಿ ಮುಂದೂಡಲೂ ಬೇಡಿ. ಗಂಡಿನ ಕಡೆಯವರಿಗೆ ಹೇಳುವುದು ನಿಮಗೆ ಬಿಟ್ಟದ್ದು. ನನ್ನ ಅಭಿಪ್ರಾಯ ಕೇಳಿದರೆ, ಒಪ್ಪಿಗೆಯ ಮುಂಚೆ ಎರಡೇ ಮಾತಿನಲ್ಲಿ ಹೇಳಿಬಿಡಿ: ನಿಧಾನದ ರೋಗ, ಅಂಟುವುದಿಲ್ಲ. ಮುಚ್ಚಿಟ್ಟದ್ದು ಆಮೇಲೆ ಮಗಳ ತಲೆಗೆ ಬರುತ್ತದೆ.

ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು

ಮುಂದಿನ ಸಲ ಹೋಗುವಾಗ ಇದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ ಮುಂದೆ ಕೂತಾಗ ಎಲ್ಲರಿಗೂ ಮರೆಯುತ್ತದೆ.

1. ನನ್ನ ರೋಗದ ಪೂರ್ಣ ಹೆಸರು, ಗ್ರೇಡ್, ಸ್ಟೇಜ್ ಏನು?
2. ಫ್ಲಿಪಿ ಅಂಕ ಎಷ್ಟು? ಯಾವ ಕಾರಣಕ್ಕೆ?
3. ಯಾವ ಗುರುತು ಕಂಡರೆ ಔಷಧಿ ಶುರುಮಾಡುತ್ತೀರಿ?
4. ಯಾವ ತೊಂದರೆಗೆ ನಾನು ತಾರೀಖಿಗೆ ಕಾಯದೆ ಬರಬೇಕು? ಯಾರಿಗೆ ಫೋನು ಮಾಡಬೇಕು?
5. ಶುರುಮಾಡುವಾಗ ಯಾವ ಔಷಧಿ? ಅದರಿಂದ ನನಗೇನು ಲಾಭ, ಏನು ತೊಂದರೆ?
6. ಹೆಪಟೈಟಿಸ್–ಬಿ ಪರೀಕ್ಷೆ ಆಗಿದೆಯೇ? ಯಾವ ಲಸಿಕೆ ಹಾಕಿಸಿಕೊಳ್ಳಲಿ?
7. ಒಟ್ಟು ಖರ್ಚೆಷ್ಟು? ಸರ್ಕಾರದ ಯೋಜನೆಯಲ್ಲಿ ಎಷ್ಟು ಬರುತ್ತದೆ?

ಕೊನೆಯದಾಗಿ, ಇಲ್ಲಿ ಬರೆದದ್ದು ಕಾಗದದ ಮೇಲಿನ ರಿಪೋರ್ಟು ನೋಡಿ ಕೊಟ್ಟ ತಿಳುವಳಿಕೆ. ನಿಮ್ಮ ಮೈಮುಟ್ಟಿ ನೋಡಿದ ಡಾಕ್ಟರ ಮಾತೇ ಕಡೆಯ ಮಾತು. ತಪಾಸಣೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಒಂದನ್ನೂ ತಪ್ಪಿಸಬೇಡಿ. ಕಾಯುವ ಚಿಕಿತ್ಸೆಯಲ್ಲಿ ಅದೇ ನಿಮ್ಮ ಔಷಧಿ.

ಮುಂದಿನ ಸಂಚಿಕೆಯಲ್ಲಿ: ಮಕ್ಕಳ ಜಂತುಹುಳು ಮತ್ತು ರಕ್ತಹೀನತೆ.